ಹುಳುಮನೆಯ ಕಾರು

ಇವತ್ತು ಬೆಳಿಗ್ಗೆ ಚಿಂತಾಮಣಿಯ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಒಂದಿಷ್ಟು ಹನಿ ನನ್ನ ಕೈಮೇಲೆ ಬಿತ್ತು. ಆಮೇಲೆ ನಾನು ಮಾಡಿದ ಕೆಲಸ ನೋಡಿದ್ದರೆ ನೀವು ನಕ್ಕುಬಿಡುತ್ತಿದ್ದಿರಿ. ಪಕ್ಕದ ಟೀ ಅಂಗಡಿಯಲ್ಲಿ ಸೋಪು ಕೇಳಿ ತಿಕ್ಕಿ ತಿಕ್ಕಿ ತೊಳೆದುಕೊಂಡೆ. ಮೂಸಿ ನೋಡಿ ಮತ್ತೆ ತೊಳೆದೆ. ಹೊರಟಿದ್ದು ಸಾದಲಿಯಲ್ಲಿರುವ ಅಕ್ಕನ ಮನೆಗೆ. ಅವರದು ರೇಷ್ಮೆಹುಳು ಸಾಕುವ ಮನೆ. ಪೆಟ್ರೋಲ್ ವಾಸನೆ ಹೊತ್ತುಕೊಂಡು ಒಳಗೆ ಹೋಗುವಂತಿಲ್ಲ. ಈಗ ಅಲ್ಲಿ ಹುಳುವೂ ಇಲ್ಲ, ಬೈಯಲು ಅಕ್ಕನೂ ಇಲ್ಲ ಎಂಬುದು ಕೈ ಒರೆಸಿಕೊಳ್ಳುವಾಗ ನೆನಪಾಯಿತು. ಟೀ ಅಂಗಡಿಯವನು ನೋಡುತ್ತಿದ್ದನಲ್ಲ, ಅಳು ನುಂಗಿಕೊಂಡೆ.

ಹುಳು ಎಷ್ಟು ಸೂಕ್ಷ್ಮವೋ ನಾನರಿಯೆ, ಅಕ್ಕನ ಮೂಗಂತೂ ಬಹಳ ಸೂಕ್ಷ್ಮ. ಬೀಡಿ ಸೇದಿ ಬಂದವರು ಎಷ್ಟೇ ದೊಡ್ಡವರಾದರೂ ಅಂಗಳದಲ್ಲೇ ಕೂರಬೇಕು. ಒಮ್ಮೆ ನಾನು ಮದುವೆಮನೆಯಿಂದ ಸೆಂಟು ಹಾಕಿಕೊಂಡು ನೇರ ಅಲ್ಲಿಗೆ ಹೋಗಿದ್ದೆ. ‘ಮಗ ಮಲಗಿರೋ ಮನೆಗೆ ಹಿಂಗಾ ಬರೋದು? ಹೋಗಿ ಮೈ ತೊಳ್ಕೊಂಡ್ ಬಾ ಹೋಗು’ ಎಂದು ತೊಟ್ಟಿಯ ಹತ್ತಿರ ಅಟ್ಟಿದ್ದಳು. ಮಗ ಎಂದರೆ ಹುಳು. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

ಇಂಥ ಮನೆಯ ಯಜಮಾನನಿಗೆ, ಅಂದರೆ ನನ್ನ ಭಾವನಿಗೆ, ಇದ್ದ ಹುಚ್ಚು ಯಾವುದು ಗೊತ್ತೇ? ಕಾರು. ಅದೂ ಎರಡೇ ಸೀಟಿನ, ಮೇಲೆ ಸೂರಿಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಹಸಿರು ಬಣ್ಣದ ಹಳೇ ರೇಸಿನ ಕಾರು. ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ, ಗಣಿಗೆ ತರಕಾರಿ ಕೊಡುತ್ತಿದ್ದ ಭಾವನ ತಂದೆಗೆ ಬಿಟ್ಟುಹೋದದ್ದು. ಅದರಲ್ಲಿ ಕೂರುವುದೆಂದರೆ ಚಾಪೆ ಹಾಸಿ ಕೂತ ಹಾಗೆ. ನನ್ನ ಗಾತ್ರದವನು ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು.

ಬೇಕೆಂದಾಗ ಅದನ್ನು ಸ್ಟಾರ್ಟ್ ಮಾಡುವ ಸ್ವಾತಂತ್ರ್ಯ ಭಾವನಿಗಿರಲಿಲ್ಲ. ಒಂದು ಬೆಳೆಯ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ, ಮನೆ ತೊಳೆದು, ಮುಂದಿನ ಮರಿಹುಳು ತರುವವರೆಗಿನ ಕೆಲವು ದಿನ ಮಾತ್ರ ಅದಕ್ಕೆ ಜೀವ. ಆ ದಿನಗಳಲ್ಲಿ ಭಾವ ಅಕ್ಕನನ್ನು ಕೂರಿಸಿಕೊಂಡು ಅಂಬಾಜಿದುರ್ಗದ ಕಡೆ ಒಂದು ಸುತ್ತು ಹೋಗಿಬರುತ್ತಿದ್ದ. ಊರು ದಾಟುವವರೆಗೆ ಅಕ್ಕ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರುತ್ತಿದ್ದಳು. ದಾಟಿದ ಮೇಲೆ ‘ಇನ್ನೊಸಿ ಜೋರಾಗ್ ಬಿಡ್ರೀ’ ಎನ್ನುತ್ತಿದ್ದಳಂತೆ.

ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಕಡೆ, ನಂದಿ ಬೆಟ್ಟದ ತಪ್ಪಲಿನಲ್ಲಿ, ಇಂಥ ಕಾರುಗಳವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರೆ. ಭಾವನಿಗೂ ಕರೆ ಬರುತ್ತಿತ್ತು. ಅದೇನು ಗ್ರಹಚಾರವೋ, ಅದು ಪ್ರತಿ ಸಲವೂ ಹುಳು ಹಣ್ಣಾಗುವ ಹೊತ್ತಿಗೇ ಬೀಳುತ್ತಿತ್ತು. ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಗೂಡು ಕಟ್ಟಲು ತಲೆಯೆತ್ತುತ್ತದೆ. ಆಗ ಅವನ್ನು ಆರಿಸಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಇಡೀ ಬೆಳೆ ಕೆಟ್ಟಂತೆ.

‘ಹುಳ ಹಣ್ಣಾಗಿರೋವಾಗ ನಾನೆಲ್ ಬರ್ಲಿ? ನೀವು ಹೋಗ್ಬನ್ರಿ’ ಎನ್ನುತ್ತಿದ್ದಳು ಅಕ್ಕ.

‘ಇರೋದೇ ಎರಡು ಸೀಟು. ಒಂದನ್ನ ಖಾಲಿ ಇಟ್ಕೊಂಡ್ ಹೋಗಕ್ಕೆ ನಂಗೇನ್ ಹುಚ್ಚಾ? ಮುಂದಿನ್ ಸಲ ಇಬ್ರೂ ಹೋಗಣ ಬಿಡು’ ಎನ್ನುತ್ತಿದ್ದ ಭಾವ.

ಹೋದ ವರ್ಷದ ಮಳೆಗಾಲದಲ್ಲಿ ಸೊಪ್ಪು ಹಾಕುತ್ತಿದ್ದ ಅಕ್ಕ ಎದೆನೋವು ಎಂದು ಕೂತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಭಾವ ಹುಳು ಸಾಕುವುದನ್ನೇ ಬಿಟ್ಟ. ಅವಳು ಸತ್ತಳು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲೇ ಇಲ್ಲ. ಯಾರಾದರೂ ಕೇಳಿದರೆ ‘ಅವಳು...’ ಎಂದು ಶುರುಮಾಡಿ ಹಸುವಿನ ಮಾತಿಗೋ ಬೋರ್‌ವೆಲ್ಲಿನ ಮಾತಿಗೋ ಹೊರಳಿಬಿಡುತ್ತಿದ್ದ. ತಿಥಿಯ ದಿನ ಬಂದವರಿಗೆ ಉತ್ತರ ಹೇಳಿದ್ದೆಲ್ಲ ನಾನೇ. ಒಳಗೇ ಇಟ್ಟುಕೊಂಡು ಈ ಮನುಷ್ಯನೂ ಹೋಗಿಬಿಟ್ಟಾನು ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಹಾಗಾಗಿ ಆ ಚಳಿಗಾಲದಲ್ಲಿ ಅವನೇ ಫೋನ್ ಮಾಡಿ, ‘ಆ ಕಾರುಗಳ ಕೂಟಕ್ಕೆ ಹೋಗಣ, ಬರ್ತೀಯೇನೋ?’ ಎಂದಾಗ ಸಂತೋಷವೇ ಆಯಿತು. ಅಕ್ಕನ ಸೀಟಿನಲ್ಲಿ ಕಷ್ಟಪಟ್ಟು ತೂರಿಕೊಂಡೆ. ಬೆಳಗಿನ ಚಳಿಗೆ ಕಿವಿ ಮರಗಟ್ಟಿದ್ದವು. ಶಿಡ್ಲಘಟ್ಟಕ್ಕೆ ಇನ್ನೂ ದೂರವಿರುವಾಗ ರಸ್ತೆಯ ತುಂಬ ಹುರುಳಿಕಟ್ಟಿ, ಅಂದರೆ ಕಿತ್ತು ಒಣಗಿಸಿದ ಹುರುಳಿಗಿಡ, ಹರಡಿದ್ದರು. ಬಸ್ಸು ಲಾರಿಗಳು ತುಳಿದು ಒಕ್ಕಣೆ ಮಾಡಿಕೊಡಲಿ ಎಂದು ನಮ್ಮ ಕಡೆಯವರು ಹಾಗೆ ಹರಡುವುದುಂಟು. ನಮ್ಮ ಕಾರಿನ ಹೊಟ್ಟೆ ಹುರುಳಿಕಟ್ಟಿಯ ಮೇಲೆ ಕೂತುಬಿಟ್ಟಿತು.

‘ಎಕ್ಕಡಿಕಪ್ಪಾ ಇದರಲ್ಲಿ?’ ಎಂದು ತೆಲುಗು ಬೆರೆಸಿ, ಎಲ್ಲಿಗೆಂದು ಕೇಳುತ್ತಾ ಕವೆಗೋಲು ಹಿಡಿದ ಮುದುಕಿಯೊಬ್ಬಳು ಬಂದಳು. ‘ಎಲ್ಲಾ ಗಾಡೀನೂ ಹುರುಳಿ ತುಳಿದ್ರೆ, ನಿಮ್ದು ತಬ್ಕೊಂಡ್ ಮಲಗೈತಲ್ಲಪ್ಪಾ!’ ಹೆಂಗಸರೆಲ್ಲ ನಗುತ್ತಾ ಕಟ್ಟಿಯನ್ನು ಎಳೆದು ದಾರಿ ಬಿಡಿಸಿಕೊಟ್ಟರು. ಅಕ್ಕ ಹೋದಮೇಲೆ ಭಾವ ನಕ್ಕದ್ದನ್ನು ನಾನು ನೋಡಿದ್ದು ಅಲ್ಲೇ. ಇನ್ನು ಪರವಾಗಿಲ್ಲ ಎಂದುಕೊಂಡೆ.

ಮೈದಾನದಲ್ಲಿ ಫಳಫಳ ಹೊಳೆಯುವ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಪಕ್ಕದಲ್ಲೂ ಗಂಡ ಹೆಂಡತಿ. ಕೂಟ ನಡೆಸುತ್ತಿದ್ದ, ತಲೆಯೆಲ್ಲ ಬೆಳ್ಳಗಾದ ಬೆಂಗಳೂರಿನ ಹೆಂಗಸು ಓಡಿಬಂದರು. ವರ್ಷಾ ವರ್ಷಾ ಫೋನ್ ಮಾಡಿ ಕರೆಯುತ್ತಿದ್ದವರು ಅವರೇ.

‘ಅಂತೂ ಬಂದ್ರಲ್ಲ! ಮೇಡಂ ಎಲ್ಲಿ?’

ಭಾವ ಒಂದು ಕ್ಷಣವೂ ತಡೆಯಲಿಲ್ಲ. ‘ಹುಳ ಹಣ್ಣಾಗ್ಬಿಟ್ಟಿದಾವಮ್ಮ. ಅವಳ್ನ ಬಿಟ್ರೆ ನೋಡೋರು ಯಾರಿದಾರೆ? ಈ ಸಲ ಬೆಳೆ ಬಾಳ ಚೆನ್ನಾಗ್ ಬಂದಿದೆ.’

ನಾನು ಬಾಯಿ ತೆರೆದೆ. ಭಾವನ ಕೈ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಮಧ್ಯಾಹ್ನದ ತನಕ ಅವನು ಆ ಜನಕ್ಕೆ ಅಕ್ಕನ ಸುದ್ದಿಯನ್ನೇ ಹೇಳಿದ: ಅವಳು ಸೊಪ್ಪು ಹೆಚ್ಚುವ ರೀತಿ, ಬೀಡಿಯವರನ್ನು ಅಟ್ಟುವ ರೀತಿ, ಊರು ದಾಟಿದ ಮೇಲೆ ಜೋರಾಗಿ ಬಿಡಿ ಎನ್ನುವುದು. ಎಲ್ಲವೂ ಈಗ ನಡೆಯುತ್ತಿರುವಂತೆ ಹೇಳಿದ. ಎಲ್ಲರೂ ನಕ್ಕರು. ನಾನು ಯಾರದೋ ಕಾರಿನ ಹಿಂದೆ ಹೋಗಿ ಅತ್ತುಬಂದೆ.

ಕೂಟದ ದಿನ ನನ್ನ ನಂಬರನ್ನೂ ಬರೆದುಕೊಂಡಿದ್ದ ಆ ಹೆಂಗಸು ನಿನ್ನೆ ಸಂಜೆ ನನಗೆ ಫೋನ್ ಮಾಡಿದ್ದರು. ‘ಪಾಪ, ಪ್ರತಿ ವರ್ಷ ಹುಳದ ಕೆಲಸದಿಂದ ಮೇಡಂಗೆ ತಪ್ಪಿಹೋಗತ್ತೆ. ನಾವೆಲ್ಲ ಮಾತಾಡ್ಕೊಂಡಿದೀವಿ. ಅವರ ಬೆಳೆ ಯಾವಾಗ ಮುಗಿಯತ್ತೋ ಕೇಳಿ ಹೇಳಿ, ಈ ಸಲ ಅದಕ್ಕೆ ಸರಿಯಾಗಿ ಡೇಟ್ ಇಟ್ಕೋತೀವಿ.’ ಕೇಳಿ ತಿಳಿಸುತ್ತೇನೆ ಎಂದಷ್ಟೇ ಹೇಳಲು ನನಗಾದದ್ದು. ಇವತ್ತು ಹೊರಟಿದ್ದು ಅದಕ್ಕೇ.

ಭಾವ ಜಗಲಿಯ ಮೇಲೆ ಕೂತಿದ್ದ. ಹೇಳಿದೆ.

‘ಅವಳಿಗೋಸ್ಕರ ಅಷ್ಟು ಜನಾನೂ ಕಾಯ್ತಾರಂತಾ?’

‘ಹೂಂ ಭಾವ.’

‘ಫೋನ್ ಮಾಡ್ಕೊಡು.’

ಮಾಡಿಕೊಟ್ಟೆ. ‘ಅಮ್ಮಾ, ನಮಸ್ಕಾರ. ಡೇಟು ನಿಮ್ಗೆ ಅನುಕೂಲ ಆದಾಗ ಇಟ್ಕೊಳಿ. ನಮ್ಮೋಳಿಗೆ ಅಂತ ಕಾಯ್ಬೇಡಿ.’ ಆ ಕಡೆಯಿಂದ ಅವರು ಏನೋ ಒತ್ತಾಯಿಸುತ್ತಿದ್ದರು. ‘ಇಲ್ಲ ತಾಯಿ, ಹುಳದ ಮಾತಲ್ಲ. ಅವಳು ತೀರ್ಕೊಂಡು ವರ್ಷದ ಮೇಲಾಯ್ತು. ಅವತ್ತು ನಾನು ಸುಳ್ಳು ಹೇಳ್ದೆ.’

ಫೋನನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಭಾವ ಅತ್ತ. ಹೇಳಿಬಿಟ್ಟನಲ್ಲ, ಇನ್ನು ಇವನ ಎದೆ ಹಗುರಾಗುತ್ತದೆ ಎಂದುಕೊಂಡು ನಾನು ಬೆನ್ನು ಸವರುತ್ತಾ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಟವೆಲಿನ ಒಳಗಿಂದಲೇ ಹೇಳಿದ: ‘ಆ ಜನದ ಹತ್ರ ಒಂದ್ ಕಡೆನಾದ್ರೂ ಅವಳು ಇನ್ನೂ ಬದುಕಿದ್ಲು ಕಣೋ. ಈಗ ಅಲ್ಲೂ ಇಲ್ಲ.’