ಉಡಿಯಿಂದ ಒಂದು ಹಿಡಿ ಜೋಳ

ಕಲಬುರಗಿಗೆ ನಾನು ಬಂದಿಳಿದ ದಿನ ಊರಿನಲ್ಲಿ ಯಾರೂ ಇರಲಿಲ್ಲ. ಮೇ ತಿಂಗಳ ಮಧ್ಯಾಹ್ನ. ರೈಲು ನಿಲ್ದಾಣದಿಂದ ಮನೆಯವರೆಗೂ ಅಂಗಡಿಗಳ ಶಟರ್ ಇಳಿದಿತ್ತು, ಬೀದಿಯಲ್ಲಿ ಒಂದು ನಾಯಿಯೂ ಕಾಣಲಿಲ್ಲ. ಏನೋ ಗಲಾಟೆಯಾಗಿ ಬಂದ್ ಆಗಿರಬೇಕೆಂದು ಹೆದರಿ, ಪಕ್ಕದಲ್ಲಿದ್ದ ಗಂಡ ಬಸವರಾಜನನ್ನು ಕೇಳಿದೆ: "ಊರಿಗೆ ಎಂತ ಆಯ್ತು?" ಅವನಿಗಿಂತ ಮೊದಲು ಆಟೊದವರು ಹೇಳಿದರು: "ಏನ್ ಆಗ್ಯಾದ್ರಿ ಅಕ್ಕೋರೆ? ಬಿಸಲು ಆಗ್ಯಾದ. ಐದು ಗಂಟಿಗಿ ಎಲ್ಲಾರೂ ಏಳ್ತಾರ ನೋಡ್ರಿ."

ನಿಜಕ್ಕೂ ಎದ್ದರು. ಸಂಜೆ ಬಾಗಿಲುಗಳು ಒಂದೊಂದಾಗಿ ತೆರೆದವು, ಕಟ್ಟೆಗಳಿಗೆ ನೀರು ಬಿತ್ತು, ಯಾರೋ ಯಾರನ್ನೋ ಕೂಗಿದರು. ಮಧ್ಯಾಹ್ನವಿಡೀ ಕನಸು ಕಂಡ ಊರು ಎದ್ದು ಕುಳಿತು ಚಹಾ ಕೇಳುತ್ತಿತ್ತು. ನಾಲ್ಕು ವರ್ಷಗಳಾದರೂ ಈ ಊರು ನನಗೆ ಅರ್ಧ ಎಚ್ಚರ, ಅರ್ಧ ಜೊಂಪು. ಅದರಲ್ಲಿ ನಾನು ಎಲ್ಲಿದ್ದೇನೆ ಎನ್ನುವುದು ಕೆಲವು ದಿನ ನನಗೇ ಗೊತ್ತಾಗುವುದಿಲ್ಲ.

ನಮ್ಮ ಕುಂದಾಪುರದ ಕಡೆಯವರಿಗೆ ಇದನ್ನು ಹೇಗೆ ಹೇಳಲಿ? ನಮ್ಮಲ್ಲಿ ಸೆಕೆ ಎಂದರೆ ಮೈಯೆಲ್ಲ ಒದ್ದೆ. ಇಲ್ಲಿ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆಗೆ ಹೋದರೆ, ಕೊನೆಯ ಸೀರೆ ಹರವುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ. ನಮ್ಮಲ್ಲಿ ಎತ್ತ ನೋಡಿದರೂ ತೆಂಗಿನ ಗರಿ ಅಡ್ಡ ಬರುತ್ತದೆ. ಇಲ್ಲಿ ಮಾಳಿಗೆಯ ಮೇಲೆ ನಿಂತರೆ ಆಕಾಶಕ್ಕೆ ಅಂಚೇ ಇಲ್ಲ. ಮೊದಲ ವರ್ಷ ಅಷ್ಟೊಂದು ಆಕಾಶ ನೋಡಿ ನನಗೆ ಅಳು ಬರುತ್ತಿತ್ತು. ಬಸವರಾಜ ಊರ ಹೊರಗಿನ ನಂದೂರಿನ ದಾಲ್ ಮಿಲ್ಲುಗಳಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ. ನಮ್ಮೂರಿನ ಅಕ್ಕಿ ಮಿಲ್ಲಿಗೆ ಯಂತ್ರ ಕೂರಿಸಲು ಬಂದವನು ನನ್ನನ್ನು ಕಂಡದ್ದು, ಮದುವೆಯಾದದ್ದು. ಅವನು ಬೆಳಿಗ್ಗೆ ಹೋದರೆ ಸಂಜೆಗೆ ತೊಗರಿಯ ಹಳದಿ ಪುಡಿ ಮೆತ್ತಿಕೊಂಡು ಬರುತ್ತಿದ್ದ. ಅಲ್ಲಿಯವರೆಗೆ ನಾನು, ಫ್ಯಾನು, ಮತ್ತು ಯಾವಾಗ ಬರುತ್ತದೋ ಗೊತ್ತಿಲ್ಲದ ನಲ್ಲಿ ನೀರು.

ಭಾಷೆ ಕನ್ನಡವೇ, ಆದರೆ ನನ್ನ ಕನ್ನಡ ಕೇಳಿ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಪುಂಡಿಪಲ್ಲೆ ಎಂದರೆ ಹುಳಿ ಸೊಪ್ಪಿನ ಪಲ್ಯ ಎಂದು ತಿಳಿಯಲು ಒಂದು ತಿಂಗಳು, ಜೋಳದ ರೊಟ್ಟಿಯನ್ನು ಹರಿಯದಂತೆ ತಟ್ಟಲು ಒಂದು ವರ್ಷ ಹಿಡಿಯಿತು. ಮೊದಲ ದುಂಡನೆಯ ರೊಟ್ಟಿ ಬಂದ ದಿನ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ತೋರಿಸಲು ಹೋಗಿದ್ದೆ. ಅವರು ಅದರ ಮೇಲೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಾಕಿ ಅಲ್ಲೇ ತಿನ್ನಿಸಿ ಕಳಿಸಿದರು. ಆಮೇಲೆ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಬದುಕು ಒಂದು ಹಳಿಗೆ ಬಿತ್ತು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಚೀಲ ಯಾವಾಗಲೂ ಕಟ್ಟಿಟ್ಟಂತೆಯೇ ಇತ್ತು.

ಕಳೆದ ದಸರಾ ರಜೆಗೆ ಮುಂಚೆ ಆ ಚೀಲ ಬಿಚ್ಚುವ ಕಾಲ ಬಂತು. ಕುಂದಾಪುರದ ಶಾಲೆಯೊಂದು ನನ್ನನ್ನು ಕೆಲಸಕ್ಕೆ ಕರೆಯಿತು. "ಅಲ್ಲೂ ಮಿಲ್ಲು ಅವ. ತೊಗರಿ ಬದಲಿ ಅಕ್ಕಿ, ಅಷ್ಟೇ," ಎಂದ ಬಸವರಾಜ. "ಗಾಡಿ ತಗೊಂಡು ಹೋಗೋಣು. ನೋಡೋಣು. ಮನಸಿಗಿ ಬಂದ್ರ ಸಾಮಾನು ಒಯ್ಯಲಾಕ ಬರೋಣು." ಅವನು ಹಗುರವಾಗಿ ಹೇಳಿದ. ಅವನಿಗೆ ಅದು ಹಗುರವಲ್ಲ ಎಂದು ನನಗೆ ಗೊತ್ತಿತ್ತು. ಅತ್ತ ಅಮ್ಮ ನನ್ನ ಕೋಣೆಗೆ ಸುಣ್ಣ ಹೊಡೆಸಲು ಶುರುಮಾಡಿದ್ದಳು.

ನಮ್ಮ ಕಡೆ ಪ್ರಯಾಣಕ್ಕೆ ಹೊರಡುವವರು ಸದ್ದು ಮಾಡುವುದಿಲ್ಲ. "ಎಲ್ಲಿಗೆ?" ಎಂದು ಯಾರಾದರೂ ಕೇಳಿದರೆ ಅದೇ ಅಪಶಕುನ. ಇಲ್ಲಿ ಹೇಳದೆ ಹೋದರೆ ತಪ್ಪು. ಹೊರಡುವ ಮೊದಲು ಬಳಗದ ಮನೆಗಳಿಗೆಲ್ಲ ಹೋಗಿ, ಕುಳಿತು, ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಏಳಬೇಕು. ಎದ್ದ ಮೇಲೂ ಬಾಗಿಲಲ್ಲಿ ನಿಂತು ಮತ್ತಷ್ಟು ಮಾತಾಡಬೇಕು. ಎಷ್ಟು ಮನೆ ತಿರುಗಿದೆವೋ, ಎಷ್ಟು ಸಕ್ಕರೆ ಹೊಟ್ಟೆಗೆ ಹೋಯಿತೋ! ಎಲ್ಲರ ಬಾಯಲ್ಲೂ ಮರಳಿ ಬರುವುದರ ಪ್ರಶ್ನೆಯೇ: "ಹೊಳ್ಳಿ ಯಾವಾಗ ಬರ್ತೀರಿ?" ನಾನು ನಗುತ್ತಿದ್ದೆ, ಬಸವರಾಜ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಮೋಮಿನಪುರದ ಮೆಕ್ಯಾನಿಕ್ ನಮ್ಮ ಬಳಗದವರಲ್ಲ, ಅವರೂ ನಮ್ಮ ಹಳೆಯ ಕಾರಿನ ಬಾನೆಟ್ ಮುಚ್ಚಿ ಅದನ್ನೇ ಹೇಳಿದರು: "ಭಾಭಿ, ಗಾಡಿ ಬರೋಬ್ಬರಿ ಅದ. ಘಾಟಿನ್ಯಾಗ ಸಾವಕಾಶ ಹೋಗ್ರಿ. ಮುಟ್ಟಿದ ಮ್ಯಾಲ ಫೋನ್ ಹಚ್ರಿ, ಜಲ್ದಿ ಹೊಳ್ಳಿ ಬರ್ರಿ."

ಕೊನೆಗೆ ಉಳಿದದ್ದು ಕಮಲಾಪುರ. ಅಲ್ಲಿ ಬಸವರಾಜನ ದೊಡ್ಡವ್ವ ಇದ್ದಾರೆ. ತಾಯಿ ಇಲ್ಲದ ಅವನನ್ನು ಬೆಳೆಸಿದವರು. ನಮ್ಮ ದಾರಿ ಜೇವರ್ಗಿಯ ಕಡೆ, ಕಮಲಾಪುರ ಅದಕ್ಕೆ ಪೂರ್ತಿ ವಿರುದ್ಧ ದಿಕ್ಕು. ಆದರೂ ಹೊರಡುವ ಹಿಂದಿನ ದಿನ ಅಲ್ಲಿಗೆ ಹೋಗಲೇಬೇಕು, ಅದರಲ್ಲಿ ಮಾತಿಲ್ಲ. ಮಹಾಗಾಂವ ದಾಟಿದ ಮೇಲೆ ಎರಡೂ ಬದಿ ತೊಗರಿ ಹೂವಿಗೆ ಬಂದಿತ್ತು. ಕಪ್ಪು ಮಣ್ಣಿನ ಮೇಲೆ ಹಳದಿ ಚುಕ್ಕೆಗಳು. ಕಿಟಕಿಗೆ ತಲೆಯಿಟ್ಟು ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಆ ಹೊಲಗಳ ಆಚೆ ಕಡಲು ಇದೆಯೆಂದು ಅನಿಸುತ್ತಿತ್ತು. ಎಚ್ಚರವಾದಾಗ ಕಾರು ದೊಡ್ಡವ್ವನ ಬಾಗಿಲಲ್ಲಿತ್ತು.

"ಬಾ ಯವ್ವಾ ಸುಮಿತ್ರಾ, ಬಾ. ಬಿಸಲಾಗ ಬಂದೀರಿ," ಎಂದರು ದೊಡ್ಡವ್ವ. ಅವರ ಸೊಸೆ ಮಹಾದೇವಕ್ಕ ಕೈಗೆ ನೀರು ಬೆಲ್ಲ ಕೊಟ್ಟಳು. ಊಟಕ್ಕೆ ಕುಳಿತಾಗ ದೊಡ್ಡವ್ವ ಎದುರಿಗೆ ಕುಳಿತು ಬಡಿಸಿದರು. ಬಂದವರನ್ನು ಉಣಿಸಿ, ಕಳಿಸಿ, ಆಮೇಲೆ ತಾವು ಉಣ್ಣುವುದು ಅವರ ಪದ್ಧತಿ.

"ಅಲ್ಲಿ ಶಾಳಿ ಛಲೋ ಅದಂತ?"

"ಹೌದು ದೊಡ್ಡವ್ವ. ಶಾಲೆ ನೋಡುವಾ ಅಂತ."

"ನೋಡಬೇಕವ್ವ. ಹೆತ್ತವ್ವನ ಬಲ್ಲಿ ಇರೋದು ಯಾರಿಗಿ ಸಿಗ್ತದ?" ಎಂದು ಮತ್ತೊಂದು ರೊಟ್ಟಿ ಹಾಕಿದರು. ಬಸವರಾಜ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಲೇ ಇದ್ದ.

ಊಟವಾದ ಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಉಡಿ ಎಂದರೆ ಮಡಿಲು. ಮನೆಯ ಹೆಣ್ಣುಮಗಳು ಹೊರಡುವಾಗ ಅವಳ ಸೆರಗಿನಲ್ಲಿ ಕಾಳು, ಕೊಬ್ಬರಿ ಬಟ್ಟಲು, ಉತ್ತತ್ತಿ ಎನ್ನುವ ಒಣ ಖರ್ಜೂರ, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ಬೇರೆ ಮನೆಗಳಲ್ಲಿ ಅಕ್ಕಿ, ಈ ಮನೆಯಲ್ಲಿ ತಮ್ಮ ಹೊಲದ ಜೋಳ. ದೊಡ್ಡವ್ವ ಮೊರದಿಂದ ಎರಡೂ ಕೈಯಲ್ಲಿ ಜೋಳ ಎತ್ತಿ ಎತ್ತಿ ಹಾಕಿದರು. ಬಿಸಿಲಲ್ಲಿಟ್ಟ ಕಾಳು, ಮಡಿಲಿಗೆ ಬೆಚ್ಚಗೆ ತಾಗಿತು. ನನ್ನ ಮದುವೆಯಲ್ಲೂ ತುಂಬಿದ್ದರು. ಆದರೆ ಆ ಗದ್ದಲದಲ್ಲಿ ಯಾರೋ ನನ್ನ ಕೈ ಹಿಡಿದು ಏನೇನೋ ಮಾಡಿಸಿದ್ದರು, ನನಗೆ ನೆನಪಿಲ್ಲ. ಆಮೇಲೆ ಊರಿಗೆ ಹೋದಾಗಲೆಲ್ಲ ಕಲಬುರಗಿಯಿಂದಲೇ ಅವಸರದಲ್ಲಿ ರೈಲು ಹತ್ತಿದವಳು. ಈಗ ಸೆರಗನ್ನು ಭದ್ರವಾಗಿ ಗಂಟು ಹಾಕಿ, ಒಂದು ಕಾಳೂ ಚೆಲ್ಲದಂತೆ ಎದ್ದು, ದೊಡ್ಡವ್ವನ ಕಾಲಿಗೆ ನಮಸ್ಕರಿಸಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಏನನ್ನೋ ಕಾಯುವಂತಿತ್ತು. ಆಮೇಲೆ ತಲೆಯ ಮೇಲೆ ಕೈಯಿಟ್ಟು "ಆರಾಮ ಹೋಗ್ರಿ" ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಕಮಲಾಪುರದ ಕೆಂಪು ಬಾಳೆಯ ದೊಡ್ಡ ಗೊನೆಯನ್ನು ಮಹಾದೇವಕ್ಕ ಇಟ್ಟಿದ್ದಳು. ಅದರ ವಾಸನೆಯಲ್ಲೇ ಹೊರಟೆವು.

ಮಹಾಗಾಂವದ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಫೋನ್ ಬಂತು. ಮಹಾದೇವಕ್ಕ ಪಿಸುಗುಟ್ಟುತ್ತಿದ್ದಳು.

"ಸುಮಿತ್ರಾ, ಏನೂ ತಿಳ್ಕೋಬ್ಯಾಡ. ಅತ್ತಿಯವರು ಊಟಕ್ಕ ಏಳವಲ್ರು. ಮರಾ ಮುಂದ ಇಟ್ಕೊಂಡು ಸುಮ್ಮನ ಕುಂತಾರ."

"ಯಾಕಕ್ಕ, ಹುಷಾರಿಲ್ವಾ?"

"ಮೈಗಿ ಆರಾಮ ಅದಾರ. ನೀ ಉಡಿ ಪೂರಾ ಕಟ್ಕೊಂಡು ಹೋದಿ. ನಮ್ಮ ಮನ್ಯಾಗ ಹೊಂಟ ಹೆಣ್ಮಗಳು ಉಡಿಯೊಳಗಿಂದ ಒಂದು ಹಿಡಿ ಹೊಳ್ಳಿ ಜ್ವಾಳದ ಗಡಗಿಗಿ ಹಾಕಿ ಹೋಗ್ತಾಳ. ಈ ಮನೀ ಋಣ ಉಳಿಲಿ, ಮತ್ತ ಬರ್ತೀನಿ ಅಂತ. ತಾನ ತಿಳಿದು ಹಾಕಬೇಕು, ಹೇಳಿ ಹಾಕಿಸಬಾರದು. ನಾನೂ ಹೇಳಬಾರದಿತ್ತು. ಆದ್ರ ನೀ ಆ ಕಡಿಯಾಕಿ, ನಿನಗ ಹ್ಯಾಂಗ ಗೊತ್ತಾಗಬೇಕು?"

ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಬಸವರಾಜನಿಗೂ ಇದು ಗೊತ್ತಿರಲಿಲ್ಲ, ಗಂಡಸರು ಆ ಹೊತ್ತಿಗೆ ಗಾಡಿಗೆ ಸಾಮಾನು ಹೇರುತ್ತಿರುತ್ತಾರೆ. "ಇರಲಿ ಬಿಡು," ಎಂದ ಅವನು, "ನಾ ಫೋನ್ ಮಾಡಿ ಹೇಳ್ತೀನಿ." ನಮ್ಮ ಕಡೆ ಹೊರಟವರು ಹೊಸಿಲಿಗೆ ತಿರುಗಿ ಬರಬಾರದು. ಅಮ್ಮ ಮರೆತ ಕೊಡೆಗೂ ವಾಪಸು ಹೋಗಲು ಬಿಡುವವಳಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಮತ್ತೆ ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಗೊತ್ತಿಲ್ಲದ ಮಾತಿಗೆ ಹಿಡಿ ಜೋಳ ಹಾಕುವುದು ಹೇಗೆ? ಹಾಕದಿದ್ದರೆ ಆ ಜೀವ ಉಣ್ಣುವುದಿಲ್ಲ. ನಾಲ್ಕು ವರ್ಷ ನಾನು ಈ ಬಳಗದ ನಡುವೆ ಅತಿಥಿಯ ಹಾಗೆ ಬದುಕಿದ್ದೆ. ಅವರು ಮಾತ್ರ ನನ್ನನ್ನು ಮಗಳೆಂದೇ ಲೆಕ್ಕ ಹಿಡಿದಿದ್ದರು.

"ಗಾಡಿ ತಿರುಗಿಸು," ಎಂದೆ.

ದೊಡ್ಡವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಮಹಾದೇವಕ್ಕ ಹೇಳಿಕೊಟ್ಟದ್ದು ತಿಳಿಯಬಾರದಲ್ಲ, ಅದಕ್ಕೆ "ನೀರಿನ ಬಾಟ್ಲಿ ಮರೆತಿದ್ದೆ ದೊಡ್ಡವ್ವ" ಎನ್ನುತ್ತ ಒಳಗೆ ನುಗ್ಗಿದೆ. ಅಡುಗೆಮನೆಯ ಮೂಲೆಯಲ್ಲಿ ಗಡಿಗೆ. ಸೆರಗಿನ ಗಂಟು ಬಿಚ್ಚಿದೆ. ಒಂದು ಹಿಡಿ ಹಾಕಿದೆ. ಸಾಲದೇನೋ ಎಂದು ಇನ್ನೊಂದು ಹಾಕಿದೆ, ಮತ್ತೊಂದು. ಗಡಿಗೆಯಲ್ಲಿ ಕಾಳು ಬೀಳುವ ಸದ್ದು ಮನೆಯೆಲ್ಲ ಕೇಳುತ್ತಿತ್ತು.

ಹೊರಗಿನಿಂದ ದೊಡ್ಡವ್ವನ ದನಿ ಬಂತು: "ಸಾಕು ಬಿಡವ್ವ, ಉಡಿ ಖಾಲಿ ಮಾಡಬ್ಯಾಡ. ಹಾದ್ಯಾಗ ನಿನಗೂ ಬೇಕಾಗ್ತದ." ನಾನು ಹೊರಗೆ ಬಂದಾಗ ಅವರು ಮೊರವನ್ನು ಗೋಡೆಗೆ ಒರಗಿಸುತ್ತಿದ್ದರು. "ಬಾಟ್ಲಿ ಸಿಕ್ತೇನು?"

"ಸಿಕ್ತು ದೊಡ್ಡವ್ವ."

"ಛಲೋ ಆಯ್ತು. ಮಹಾದೇವಿ, ನನಗ ಊಟಕ್ಕ ಹಾಕು." ಮಹಾದೇವಕ್ಕ ನನ್ನ ಕಡೆ ನೋಡದೆ ಒಳಗೆ ಓಡಿದಳು, ನಗು ತಡೆಯಲಾಗದೆ.

ಮರುದಿನ ಜೇವರ್ಗಿ, ಸಿಂದಗಿ, ವಿಜಯಪುರ. ಬಯಲು ಮುಗಿಯುವುದೇ ಇಲ್ಲ ಎನ್ನುವಾಗ ಹುಬ್ಬಳ್ಳಿಯ ಆಚೆ ಕಾಡು ಶುರುವಾಯಿತು. ಘಾಟಿ ಇಳಿಯುತ್ತಿದ್ದಂತೆ ಗಾಜು ಮಂಜಾಯಿತು, ಮೈ ಅಂಟಿತು, ಮೂಗಿಗೆ ಮೀನಿನ ವಾಸನೆ ಬಡಿಯಿತು. ನನಗೆ ಖುಷಿಯಿಂದ ಕಣ್ಣು ತುಂಬಿತು.

ಅಮ್ಮ ನನ್ನ ತಮ್ಮನ ಜೊತೆ ಇದ್ದಾಳೆ, ಈಗಲೂ ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳೇ. ಕುಂದಾಪುರದಲ್ಲಿ ಎಲ್ಲವೂ ಸರಿಯಾಗಿತ್ತು. ಶಾಲೆ ಚೆನ್ನಾಗಿತ್ತು, ಬಾಡಿಗೆಗೆ ನೋಡಿದ ಮನೆಯ ಕಿಟಕಿಯಲ್ಲಿ ಹೊಳೆ ಕಾಣುತ್ತಿತ್ತು, ಬಸವರಾಜನಿಗೆ ಮಿಲ್ಲಿನವರು ಕುರ್ಚಿ ಕೊಟ್ಟು ಮಾತಾಡಿಸಿದರು. ಬೇಡ ಎನ್ನಲು ಕಾರಣವೇ ಇರಲಿಲ್ಲ. ಒಂದು ಮಧ್ಯಾಹ್ನ ಉಡಿಯ ಜೋಳವನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ, ಅಮ್ಮನ ದೋಸೆ ಕಾವಲಿಯ ಮೇಲೆ ರೊಟ್ಟಿ ಬೇಯಿಸಿದೆ. ಅಮ್ಮ ಅಗಿದು ಅಗಿದು "ರುಚಿ ಇತ್ತ್, ಆರೆ ಹಲ್ಲ್ ಬೇಕ್" ಎಂದಳು. ಉಂಡು ಅವಳ ಪಕ್ಕದಲ್ಲಿ ಮಲಗಿದೆ. ನಿದ್ದೆಯ ಅಂಚಿನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆಯುವ ಸದ್ದಿಗೆ, ಕಟ್ಟೆಗೆ ನೀರು ಬೀಳುವ ಸದ್ದಿಗೆ ಕಾಯುತ್ತಿದ್ದೆ. ಐದು ಗಂಟೆಯಾಯಿತು. ಕಡಲಿನ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ನನ್ನ ತವರಿನಲ್ಲಿ, ನನ್ನ ಅಮ್ಮನ ಮಗ್ಗುಲಲ್ಲಿ, ನನಗೆ ಮನೆಯ ನೆನಪಾಗಿ ಸಂಕಟವಾಯಿತು.

ಶಾಲೆಯವರಿಗೆ ಆಗುವುದಿಲ್ಲ ಎಂದು ಹೇಳಿದೆ. ಬಸವರಾಜ "ನನ್ನ ಸಲುವಾಗಿ ಹೇಳಿದೇನು?" ಎಂದು ಕೇಳಿದ. ಅಲ್ಲ ಎಂದೆ, ಅದು ನಿಜವೇ. ಅಮ್ಮ ಸುಣ್ಣ ಹೊಡೆಸಿದ ಕೋಣೆಯಲ್ಲಿ ಮತ್ತೆ ಹೊಲಿಗೆ ಯಂತ್ರ ತಂದಿಟ್ಟಳು.

ಹೊರಡುವ ಬೆಳಿಗ್ಗೆ ಅಮ್ಮ ಕುಚ್ಚಲಕ್ಕಿಯ ಚೀಲ ತುಂಬಿದಳು. ಒಣಮೀನಿನ ಡಬ್ಬಿಗೆ ಕೈ ಹಾಕಿ, ಮೀನು ತಿನ್ನದ ಅಳಿಯನ ಮನೆಯವರ ನೆನಪಾಗಿ ವಾಪಸು ಇಟ್ಟಳು. ಚೀಲ ಎತ್ತುವ ಮೊದಲು ನನ್ನ ಕೈ ತಾನಾಗಿ ಒಳಗೆ ಹೋಯಿತು. ಒಂದು ಮುಷ್ಟಿ ಅಕ್ಕಿ ತೆಗೆದು ಅಮ್ಮನ ಅಕ್ಕಿ ಡಬ್ಬಿಗೆ ಹಾಕಿದೆ.

"ಎಂತಕ್ಕೆ ಹೆಣ್ಣೇ, ಹೆಚ್ಚಾಯ್ತಾ?"

"ಅಲ್ಲಮ್ಮ. ಅಲ್ಲಿ ಹಾಗೆ ಮಾಡ್ತಾರೆ. ಮತ್ತೆ ಬರ್ತೇನೆ ಅಂತ."

ಅಮ್ಮ ಡಬ್ಬಿಯೊಳಗೆ ನೋಡುತ್ತ ನಿಂತಳು. ಮಗಳು ಹೊರಟು ಹೋಗುವ ಮನೆ ತನ್ನದು, ಮರಳುವ ಮನೆ ಅಲ್ಲಿಯದು ಎಂದು ಅವಳಿಗೂ ಆಗಲೇ ತಿಳಿಯಿತೆಂದು ಕಾಣುತ್ತದೆ.

ಕಲಬುರಗಿ ಮುಟ್ಟಿ ಫೋನ್ ಮಾಡಿದಾಗ ಹೇಳಿದಳು: "ನೀ ಹಾಕಿದ ಅಕ್ಕಿ ಮೇಲಿಂದ ಆರ್‍ಸಿ ಬೇರೆ ಕಟ್ಟಿಟ್ಟೆ. ಬೇಯ್ಸುಕೆ ಮನಸ್ ಬರ್ಲಿಲ್ಲೆ."

ಕಮಲಾಪುರದಲ್ಲಿ ನಾನು ಹಾಕಿದ ಜೋಳವನ್ನು ಯಾರೂ ಬೇರೆ ಇಡಲಿಲ್ಲ. ಅದು ಗಡಿಗೆಯ ಜೋಳದಲ್ಲಿ ಬೆರೆತು, ಗಿರಣಿಗೆ ಹೋಗಿ, ಯಾವತ್ತೋ ರೊಟ್ಟಿಯಾಗಿ ಎಲ್ಲರ ಹೊಟ್ಟೆ ಸೇರಿದೆ. ಕುಂದಾಪುರದ ಅಕ್ಕಿ ಮಾತ್ರ ಅಮ್ಮನ ಅಡುಗೆಮನೆಯಲ್ಲಿ ಸಣ್ಣ ಗಂಟಾಗಿ ಕುಳಿತು, ನೆಂಟರ ಹಾಗೆ, ನನ್ನ ದಾರಿ ಕಾಯುತ್ತಿದೆ.