ಡಾಕ್ಟರಿಗೆ ಹೇಳದ ಮಾತ್ರೆ

ಬೆಳಿಗ್ಗೆ ಇವರು ಹಲ್ಲುಜ್ಜಿ ಉಗುಳಿದ್ದು ಕೆಂಪಾಗಿತ್ತು.

"ಎಂತೂ ಆಜಿಲ್ಲೆ, ಸುಮ್ನಿರೇ ಮಾರಾಯ್ತಿ. ಬ್ರಶ್ಶು ಗಟ್ಟಿ ಇದ್ದು" ಎಂದರು ಇವರು. ಇವರು ಸ್ನಾನಕ್ಕೆ ಹೊರಟಾಗ ನೋಡಿದೆ. ತೋಳಿನ ಮೇಲೆ, ಬೆನ್ನ ಮೇಲೆ ನೀಲಿ ಕಲೆಗಳು. ಎಲ್ಲೂ ಬಿದ್ದಿರಲಿಲ್ಲ.

ನನ್ನ ಗಂಡ ಶಿರಸಿಯ ಸುತ್ತಮುತ್ತ ಶ್ರಾದ್ಧದ ಅಡುಗೆಗೆ ಹೋಗುವವರು. ಮಡಿಯೆಂದರೆ ಒದ್ದೆ ಪಂಚೆ ಉಟ್ಟೇ ಒಲೆಯ ಮುಂದೆ ನಿಲ್ಲಬೇಕು, ಅದು ಮೈಮೇಲೆಯೇ ಒಣಗಬೇಕು. ಈ ಮಳೆಗಾಲದಲ್ಲಿ ಸೊಂಟದ ಸುತ್ತ ಹುಳುಕಡ್ಡಿ ಎದ್ದು, ಯಾವ ಮುಲಾಮಿಗೂ ಬಗ್ಗದೆ, ವಾರದ ಹಿಂದಷ್ಟೇ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆವು.

"ಬೇರೆ ಮಾತ್ರೆ ಏನಾದ್ರೂ ತಗೊಳ್ತೀರಾ?" ಎಂದು ಅವರು ಕೇಳಿದ್ದರು.

"ಎಂತದೂ ಇಲ್ಲ ಡಾಕ್ಟ್ರೇ" ಎಂದುಬಿಟ್ಟರು ಇವರು.

ಹಸಿ ಸುಳ್ಳು. ಹೃದಯದ ವಾಲ್ವ್ ಬದಲಿಸಿದಂದಿನಿಂದ, ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ನುಂಗುತ್ತಾರೆ. ಆಪರೇಶನ್ ಆದದ್ದನ್ನು ಅಡುಗೆಗೆ ಕರೆಯುವ ಯಾರಿಗೂ ಹೇಳಿರಲಿಲ್ಲ. ಭಾರ ಎತ್ತಲಾರದವರೆಂದು ತಿಳಿದರೆ ಯಾರು ಕರೆದಾರು? ಅಂದು ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ, ಮುಂದಿನ ತಿಂಗಳು ಇವರನ್ನು ಅಡುಗೆಗೆ ಹೇಳಿದ್ದ ಹೆಗಡೆಯವರು ಕೂತಿದ್ದರು.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಡಾಕ್ಟರು ಹುಳುಕಡ್ಡಿಯ ಫಂಗಸ್ಸಿಗೆಂದು ಫ್ಲುಕೊನಜೋಲ್ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು ನಾನೇ ಎತ್ತಿ ಕೊಟ್ಟೆ, ವಾರ್ಫರಿನ್ ಜೊತೆಗೆ.

ರಕ್ತ ಉಗುಳಿದ ದಿನ ಸಂಜೆಯೊಳಗೆ ಮೂತ್ರವೂ ಕೆಂಪಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆವು. ರಕ್ತ ಎಷ್ಟು ತೆಳುವಾಗಿದೆಯೆಂದು ತೋರಿಸುವ ಐಎನ್ಆರ್ ಮೂರರ ಆಸುಪಾಸು ಇರಬೇಕಾದದ್ದು ಒಂಬತ್ತು ದಾಟಿತ್ತು.

"ಫಂಗಸ್ ಮಾತ್ರಿ ತಗೊಂಡ್ರ ವಾರ್ಫರಿನ್ ಜೋರು ಭಾಳ ಹೆಚ್ಚಾಗತೈತ್ರಿ. ಅಲ್ಲಿ ಹೇಳಲಿಲ್ಲೇನ್ರಿ?" ಎಂದು ಅಲ್ಲಿಯ ಡಾಕ್ಟರು ಕೇಳಿದ್ದು ಇವರನ್ನು. ಕಪಾಳಕ್ಕೆ ಹೊಡೆದಂತಾದದ್ದು ನನಗೆ.

ಎರಡೂ ಮಾತ್ರೆ ನಿಲ್ಲಿಸಿದರು. ರಕ್ತ ಸೋರುವುದು ನಿಲ್ಲಬೇಕು, ಆದರೆ ವಾಲ್ವಿನಲ್ಲಿ ಹೆಪ್ಪುಗಟ್ಟಲೂಬಾರದು. ಈ ಎರಡರ ನಡುವೆ ಐದು ದಿನ ಕಳೆದವು. ಇವರು ಸುಮ್ಮನೆ ಕೆಮ್ಮಿದರೂ ನಾನು ಎದ್ದು ಹೋಗಿ ಟವೆಲ್ ನೋಡುತ್ತಿದ್ದೆ. ಅಯ್ಯೋ ದೇವರೇ, ಒಂದು ಮಾತು ಸಾಕಿತ್ತಲ್ಲ!

ಮನೆಗೆ ಬಂದ ಮೇಲೆ ಹೆಗಡೆಯವರು ನೋಡಲು ಬಂದರು. ಇವರು ತಡೆಯಲಾರದೆ ಆಪರೇಶನ್ ವಿಷಯ ಎತ್ತಿದರು.

"ಎಂಗಕ್ಕೆ ಮೊದ್ಲೇ ಗೊತ್ತಿತ್ತು ಮಾರಾಯಾ" ಎಂದು ಹೆಗಡೆಯವರು ನಕ್ಕುಬಿಟ್ಟರು. "ನೀ ಬಂದಾಗೆಲ್ಲ ಹಂಡೆ ಎತ್ತಲೆ ಇಬ್ರು ಆಳು ಇಡ್ತಿದ್ದದ್ದು ಮತ್ತೆಂತಕ್ಕೆ?"

ಇವರೂ ನಕ್ಕರು. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ.

ಈಗ ಇವರು ಒಣ ಪಂಚೆ ಉಡುತ್ತಾರೆ. ವಾರ್ಫರಿನ್ ಮತ್ತೆ ಶುರುವಾಗಿದೆ, ರಕ್ತ ಪರೀಕ್ಷೆ ಸರಿ ಬರುತ್ತಿದೆ. ಎದುರಿಗೆ ಕೂತು ಊಟ ಮಾಡುತ್ತಾರಲ್ಲ, ಅಷ್ಟೇ ಪುಣ್ಯ. ಆದರೂ ಇನ್ನೂ ಒಂದು ಮಾತಿಗೆ ಒಳಗೊಳಗೇ ಕಾಯುತ್ತೇನೆ. 'ನೀನಾದರೂ ಹೇಳಬಹುದಿತ್ತು' ಎಂದು ಇವರು ಇವತ್ತಿನವರೆಗೂ ಅಂದಿಲ್ಲ. ಅಂದಿದ್ದರೆ ಒಮ್ಮೆ ಅತ್ತು ಮುಗಿಸುತ್ತಿದ್ದೆ.