ಖಾರದ ಸೀರೆ

೧೯೭೮ರಲ್ಲಿ ಗಂಡ ಮುರುಗೆಪ್ಪ ತೀರಿಕೊಂಡ ಮೇಲೆ ಬಸವಣ್ಣೆವ್ವ ದಿವಾ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಮಸಾಲೆ ಕಾರ್ಖಾನೆಗೆ ಹೋಗತೊಡಗಿದಳು. ಖಾರದಪುಡಿ ಪೊಟ್ಟಣ ಕಟ್ಟುವ ಕೆಲಸ. ಆರು ವರ್ಷದ ಮಗಳು ನೀಲಗಂಗಾಳಿಗೆ ಹುಟ್ಟಿದಾಗಿನಿಂದ ಉಬ್ಬಸ. ಅದಕ್ಕೇ ಮನೆಗೆ ಬಂದವಳು ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಸೀರೆ ಬದಲಿಸಿ, ಆಮೇಲೆಯೇ ಮಗಳನ್ನು ಮುಟ್ಟುತ್ತಿದ್ದಳು.

ಒಂದು ಸಂಜೆ ಚಾಳಿನ ಮೆಟ್ಟಿಲೇರುವಾಗಲೇ ಮಗಳ ಏದುಸಿರು ಕೇಳಿಸಿತು. ಬಸವಣ್ಣೆವ್ವ ಎಲ್ಲ ಮರೆತು ಓಡಿಹೋಗಿ ಅವಳನ್ನು ಎದೆಗೆ ಅವುಚಿಕೊಂಡಳು. ಹುಡುಗಿಯ ತುಟಿ ನೀಲಿಗಟ್ಟಿತು. ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಉಡುಪಿಯ ವಸಂತಿ ಮಗುವನ್ನು ಕಿತ್ತುಕೊಂಡಳು.

"ನಿಮಗೆ ಮಂಡೆ ಸಮ ಉಂಟಾ ಮಾರಾಯ್ತಿ? ಮೊದಲು ಮೀಯಿರಿ! ಡಾಕ್ಟರ ಹತ್ರ ನಾನು ಓಡ್ತೇನೆ."

ಮಗಳು ದವಾಖಾನೆಗೆ ಹೋಗುವಾಗ ತಾಯಿ ಬಚ್ಚಲಲ್ಲಿ ಕೂತು ಕೂದಲು ತಿಕ್ಕುತ್ತಿದ್ದಳು. ತಾನೇ ಮಾಡಿದ್ದು, ಬಯ್ಯಲು ಬೇರೆ ಯಾರೂ ಇರಲಿಲ್ಲ.

ಹುಡುಗಿ ಉಳಿದಳು. ರವಿವಾರ ಬಸವಣ್ಣೆವ್ವ ಎಣ್ಣೆ ಹಚ್ಚಿ ಎರೆದುಕೊಂಡು, ಮಡಿಸೀರೆ ಉಟ್ಟು ಕೈಚಾಚಿದಳು. "ಬಾ ನನ್ನವ್ವ."

ನೀಲಗಂಗಾ ಬಾಗಿಲಲ್ಲೇ ನಿಂತಳು. "ಅವ್ವಾ, ಮಿರ್ಚಿ ಪೂರಾ ಹೋತೇನು?"

"ಹೋತು, ಬಾ."

ಹುಡುಗಿ ಮೆಲ್ಲಗೆ ಬಂದು ಮೊದಲು ಸೆರಗು ಮೂಸಿ ನೋಡಿದಳು. ಆಮೇಲೆ ತೊಡೆಯೇರಿದಳು. ಬಸವಣ್ಣೆವ್ವನಿಗೆ ಅವಳನ್ನು ಬಿಗಿಯಾಗಿ ಅಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಹೊರಗೆ ಹಗ್ಗದ ಮೇಲೆ ಕೆಲಸದ ಸೀರೆ ಒಣಗುತ್ತಿತ್ತು. ಬೆಳಗಾದರೆ ಅದನ್ನೇ ಉಡಬೇಕಿತ್ತು.